ಮಿದುಳಿನ ಬಿಳಿಯ ಕಲೆಗಳು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತು ನಮ್ಮ ಚಿಕ್ಕೋಡಿ, ಅಥಣಿಯ ಕಟ್ಟೆಗಳ ಮೇಲೆ ಇನ್ನೂ ಸವೆದಿಲ್ಲ. ಮರಳಿ ಅರಳುವುದೆಂಬ ಅರ್ಥವೂ ಹೊಳೆಯುವಂತೆ ಬೇಂದ್ರೆಯವರು ಸಂಕಲನವೊಂದಕ್ಕೆ ಅದೇ ಹೆಸರಿಟ್ಟರು. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರ ವಯಸ್ಸು 62.

ಈಗ ಆ ಗಾದೆಗೆ ಕಾಗದದ ಸಾಕ್ಷಿಯೂ ದೊರೆತಂತಾಗಿದೆ. ಕಾಗವಾಡದ ಕಡೆಯ ಹಿರಿಯರೊಬ್ಬರು ತಲೆನೋವೆಂದು ಮಿರಜಿಗೆ ಹೋಗಿ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆನ್ನಿ. ವರದಿಯಲ್ಲಿ ‘ಸಣ್ಣ ಬಿಳಿಯ ಕಲೆಗಳು’ ಎಂದಿರುತ್ತದೆ. ಅಂದಿನಿಂದ ಕಬ್ಬಿನ ಬಿಲ್ಲಿನ ಹಣ ಅವರ ಕೈಗೆ ಬರುವುದಿಲ್ಲ. ಮನೆಯಲ್ಲಿ ಅವರ ಮಾತು ನಡೆಯುವುದಿಲ್ಲ.

ಈ ಕಲೆಗಳ ಕಥೆ ಹಳೆಯದು. ವಾನ್‌ಲೆಸ್ ಸಾಹೇಬರು ಮಿರಜಿನಲ್ಲಿ ಆಸ್ಪತ್ರೆ ಸ್ಥಾಪಿಸಿದ 1894ರಲ್ಲಿಯೇ ಜರ್ಮನಿಯ ವೈದ್ಯ ಆಟೊ ಬಿನ್ಸ್‌ವಾಂಗರ್, ಬುದ್ಧಿ ಮಂಕಾಗಿ ತೀರಿಕೊಂಡವರ ಮಿದುಳಿನೊಳಗಣ ಬಿಳಿಯ ಭಾಗವು ಕ್ಷಯಿಸಿದ್ದನ್ನು ವರ್ಣಿಸಿದರು. 1902ರಲ್ಲಿ ಆ ರೋಗಕ್ಕೆ ಅವರ ಹೆಸರನ್ನಿಟ್ಟವರು ಆಲ್ಜೈಮರ್. ಆಗ ಇದನ್ನು ಕಾಣಬೇಕಾದರೆ ರೋಗಿ ಸಾಯಬೇಕಾಗಿತ್ತು! 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರವು ಜೀವಂತ ರೋಗಿಯ ಮಿದುಳನ್ನು ಕ್ಷ-ಕಿರಣಗಳಿಂದ ಪದರಪದರವಾಗಿ ಚಿತ್ರಿಸಿತು. ಮುಂದೆ ಕಾಂತಶಕ್ತಿಯ ಎಂ.ಆರ್.ಐ. ಬಂದಿತು, ಗಟ್ಟಿಮುಟ್ಟಾದ ಮುದುಕರ ತಲೆಯಲ್ಲಿಯೂ ಕಲೆಗಳು ಕಾಣತೊಡಗಿದವು. ಇವರೆಲ್ಲರೂ ರೋಗಿಗಳೇ?

ಕೆನಡಾದ ಹಚಿನ್‌ಸ್ಕಿ ಮತ್ತು ಸಂಗಡಿಗರು 1986ರಲ್ಲಿ ರೋಗದ ಹೆಸರನ್ನು ಬದಿಗಿರಿಸಿ ‘ಲ್ಯೂಕೊ-ಅರಾಯೋಸಿಸ್’ ಎಂದು ಕರೆದರು. ಗ್ರೀಕಿನಲ್ಲಿ ಮೊದಲ ಪದಕ್ಕೆ ಬಿಳಿ, ಎರಡನೆಯದಕ್ಕೆ ವಿರಳವಾಗುವುದು ಎಂದರ್ಥ. ವ್ಯಾಕರಣ ಕಲಿಸುವ ನನಗೆ ಈ ಸಮಾಸ ಬಹಳ ಮೆಚ್ಚುಗೆ. ಕಂಡದ್ದನ್ನಷ್ಟೇ ಹೇಳುತ್ತದೆ, ಕಾಣದ್ದನ್ನು ಆರೋಪಿಸುವುದಿಲ್ಲ.

ಕಾರಣವನ್ನು ರಾಯಬಾಗದ ರೈತನಿಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಕಡೆಯ ಹೊಲಕ್ಕೆ ನೀರು ಮುಟ್ಟದಿದ್ದರೆ ಪೈರು ಬಾಡುವಂತೆ, ಮಿದುಳಿನ ಆಳದ ಸಣ್ಣ ರಕ್ತನಾಳಗಳು ಪೆಡಸಾದರೆ ಅಲ್ಲಿಯ ಬಿಳಿಯ ಭಾಗ ಸೊರಗುತ್ತದೆ. ವಯಸ್ಸು, ರಕ್ತದೊತ್ತಡ, ಸಕ್ಕರೆಕಾಯಿಲೆ ಇದಕ್ಕೆ ಎಡೆಗೊಡುತ್ತವೆ. ನಿಪ್ಪಾಣಿಯ ತಂಬಾಕು ಸಾವಿರಾರು ಮನೆಗಳಿಗೆ ಅನ್ನವಿಕ್ಕಿದೆ ನಿಜ. ಆದರೆ ಬೀಡಿಯ ಹೊಗೆಯನ್ನೂ ಈ ಪಟ್ಟಿಯಿಂದ ಬಿಡುವಂತಿಲ್ಲ. ಒಂದೆರಡು ಕಲೆಗಳಿಂದಲೇ ಮರೆವಿನ ರೋಗವೆನ್ನಲಾಗದು. ಅವು ಹೆಚ್ಚಿ ಹರಡಿಕೊಂಡರೆ ಮಾತ್ರ ಯೋಚನೆ ನಿಧಾನವಾಗುವ, ನಡಿಗೆ ತಡವರಿಸುವ, ಲಕ್ವ ಹೊಡೆಯುವ ಭಯ ಹೆಚ್ಚು. ರಕ್ತದೊತ್ತಡದ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡಲು ಔಷಧ ಕೊಟ್ಟವರಲ್ಲಿ ಕಲೆಗಳು ನಿಧಾನವಾಗಿ ಬೆಳೆದವೆಂದು ಅಮೆರಿಕದ ಪರೀಕ್ಷೆಯೊಂದು 2019ರಲ್ಲಿ ತೋರಿಸಿತು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಿಗೆ ಇಳಿಯಿತು. 45 ದಾಟಿದ 10,000 ಹಳ್ಳಿಗರನ್ನು ವರ್ಷವರ್ಷವೂ ನೋಡಿ, ರಕ್ತ, ನೆನಪು, ಮಿದುಳಿನ ಚಿತ್ರಗಳನ್ನು ತಾಳೆಹಾಕುವುದು ಅದರ ಗುರಿ. ಕಲೆಗೂ ಮರೆವಿಗೂ ಇರುವ ನಂಟನ್ನು ಒಕ್ಕಲುಮನೆಯ ಹಿರಿಯರಲ್ಲಿಯೇ ಅರಸುವ ಕೆಲಸವಿದು.