ಫೋಟೊ ಕುಗ್ಗಿಸಿದ ಲೆಕ್ಕ

ಬೆಟ್ಟದಪುರದ ಸುತ್ತಮುತ್ತ ಹೊಗೆಸೊಪ್ಪಿಗೋ ಶುಂಠಿಗೋ ರೋಗ ಬಿದ್ದರೆ ಈಗ ಮೊದಲು ಮಾಡುವ ಕೆಲಸ ಎಲೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವುದು. ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಸ್ವಲ್ಪ ತಿರುಗಿ ತಿರುಗಿ ಫೋಟೊ ಹೋಗಿಬಿಡುತ್ತದೆ. ಲೆಕ್ಕ ಹಾಕಿದರೆ ಅದು ಹೋಗಲೇಬಾರದು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 1 ಕೋಟಿ 20 ಲಕ್ಷ ಚುಕ್ಕೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು 3 ಬೈಟ್ ಬೇಕು. ಒಟ್ಟು 36 ಎಂಬಿ. ಸೆಕೆಂಡಿಗೆ 100 ಕಿಲೋಬಿಟ್ ಸಾಗುವ 2ಜಿ ನೆಟ್‌ವರ್ಕ್‌ನಲ್ಲಿ ಅದು ಹೋಗಲು 48 ನಿಮಿಷ ಹಿಡಿಯುತ್ತದೆ. ಅದೇ ಫೋಟೊ 200 ಕೆಬಿಗೆ ಇಳಿದರೆ 16 ಸೆಕೆಂಡ್ ಸಾಕು.

ಈ ಉಳಿತಾಯದಲ್ಲಿ ಒಂದು ಪಾಲು ಚಿತ್ರದ ಅಳತೆಯನ್ನೇ ಸಣ್ಣದು ಮಾಡಿದ್ದರಿಂದ ಬಂದದ್ದು. ಉಳಿದದ್ದು ಬರೀ ಲೆಕ್ಕ. ಆ ಲೆಕ್ಕ ಕಂಡುಹಿಡಿದವರು ಮೈಸೂರು ವಿಶ್ವವಿದ್ಯಾನಿಲಯದ ಒಬ್ಬ ಪದವೀಧರ.

ಸಂದೇಶ ಕುಗ್ಗಿಸುವ ಬುದ್ಧಿ ಮೊಬೈಲ್‌ಗಿಂತ ಹಳೆಯದು. ಟೆಲಿಗ್ರಾಂ ಕಾಲದಲ್ಲಿ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಿತ್ತು. ಹಾಗಾಗಿ ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಅನ್ನುವಷ್ಟರಲ್ಲೇ ಮನೆಯ ಕಥೆಯೆಲ್ಲ ಮುಗಿಯುತ್ತಿತ್ತು. ಮದುವೆ, ಹಬ್ಬದ ಶುಭಾಶಯಗಳಿಗೆ ಅಂಚೆ ಇಲಾಖೆ ನಂಬರ್ ಪಟ್ಟಿಯನ್ನೇ ಮಾಡಿತ್ತು. ಈ ಕಡೆ ನಂಬರ್ ಹೇಳಿದರೆ ಸಾಕು, ಆ ಕಡೆ ಇಡೀ ವಾಕ್ಯ ಬರೆದು ಕೊಡುತ್ತಿದ್ದರು. ದೇಶದಲ್ಲಿ ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ಆದರೆ ಪಟ್ಟಿಯ ಉಪಾಯ ನಿಂತಿಲ್ಲ. ಇಸ್ರೇಲಿನ ಲೆಂಪೆಲ್ ಮತ್ತು ಜಿವ್ 1977ರಲ್ಲಿ ತೋರಿಸಿಕೊಟ್ಟ ವಿಧಾನವೂ ಹೆಚ್ಚುಕಡಿಮೆ ಅದೇ: ಒಮ್ಮೆ ಬಂದ ಪದ ಮತ್ತೆ ಬಂದರೆ ಪೂರ್ತಿ ಬರೆಯಬೇಡ, ‘ಹಿಂದೆ ಇಂಥ ಕಡೆ ಇದೆ ನೋಡು’ ಎಂದಷ್ಟೇ ಹೇಳು. ಇವತ್ತಿನ ಜಿಪ್ ಫೈಲ್ ನಡೆಯುವುದು ಇದರ ಮೇಲೆ. ವೆಬ್‌ಸೈಟ್‌ಗಳು ಅಕ್ಷರ ಕಳಿಸುವಾಗಲೂ ಇದನ್ನೇ ಬಳಸುತ್ತವೆ.

ಕನ್ನಡಕ್ಕೆ ಇದರಿಂದ ಹೆಚ್ಚಿನ ಲಾಭ ಇದೆ. ಇಂಗ್ಲಿಷ್‌ನಲ್ಲಿ ಬೆಟ್ಟದಪುರ ಎಂದು ಬರೆದರೆ 11 ಬೈಟ್. ಕನ್ನಡದಲ್ಲಿ ಬರೆದರೆ 27. ಇಂಟರ್ನೆಟ್‌ನಲ್ಲಿ ಅಕ್ಷರ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಕೊಟ್ಟರೆ ನಮ್ಮ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ತಲಾ 3 ಬೈಟ್. ಆದರೆ ಆ ಮೂರರಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಹೇಳಿದ್ದನ್ನೇ ಹೇಳುವುದರಿಂದ ಕುಗ್ಗಿಸುವುದು ಸುಲಭ.

ಫೋಟೊದ ವಿಷಯ ಬೇರೆ. ಎಲೆಯ ಫೋಟೊದಲ್ಲಿ ಪಕ್ಕಪಕ್ಕದ ಎರಡು ಹಸಿರು ಚುಕ್ಕೆಗಳು ನಮ್ಮ ಕಣ್ಣಿಗೆ ಒಂದೇ, ನಂಬರಿನಲ್ಲಿ ಚೂರು ಚೂರು ವ್ಯತ್ಯಾಸ. ಹಿಂದಿನದ್ದೇ ಮತ್ತೆ ಬರುವುದಿಲ್ಲ, ಹಾಗಾಗಿ ಪಟ್ಟಿಯ ಉಪಾಯ ಅಲ್ಲಿ ಸೋಲುತ್ತದೆ.

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ಬಿಷಪ್ ಕಾಟನ್ ಶಾಲೆ, ಆಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ, ಇವತ್ತು ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜು. ಆಗಿನ್ನೂ ಬೆಂಗಳೂರು ವಿಶ್ವವಿದ್ಯಾನಿಲಯ ಇರಲಿಲ್ಲ. 1961ರಲ್ಲಿ ಅವರಿಗೆ ಪದವಿ ಕೊಟ್ಟದ್ದು ಮೈಸೂರು ವಿಶ್ವವಿದ್ಯಾನಿಲಯ. ನಮ್ಮ ತಾಲ್ಲೂಕಿನ ಮಕ್ಕಳು ಇವತ್ತೂ ಪದವಿ ತರುವುದು ಅಲ್ಲಿಂದಲೇ. ಮುಂದೆ ಅಮೆರಿಕಕ್ಕೆ ಹೋಗಿ 1966ರಲ್ಲಿ ಪಿಎಚ್‌ಡಿ ಮುಗಿಸಿ, ಕಾನ್ಸಾಸ್ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಮೇಷ್ಟರಾದರು.

1972ರಲ್ಲಿ ಅವರು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ಚಿತ್ರವನ್ನು ಕೊಸೈನ್ ಅಲೆಗಳಾಗಿ ಒಡೆದು ಬರೆದರೆ ಕುಗ್ಗಿಸಬಹುದು ಅನಿಸುತ್ತಿದೆ, ಅಧ್ಯಯನಕ್ಕೆ ಹಣ ಕೊಡಿ ಎಂದು. ಹಣ ಬರಲಿಲ್ಲ. ಅರ್ಜಿ ನೋಡಿದ ಒಬ್ಬರು, ಇದು ತೀರಾ ಸರಳ ಎಂಬರ್ಥದ ಮಾತು ಬರೆದಿದ್ದರು ಎಂದು ಅಹ್ಮದ್ ಅವರೇ ಮುಂದೆ 1991ರ ಒಂದು ಲೇಖನದಲ್ಲಿ ನೆನಪಿಸಿಕೊಂಡಿದ್ದಾರೆ. ಅವರ ಕೆಲಸಕ್ಕೆ ವರ್ಷದಲ್ಲಿ ಒಂಬತ್ತು ತಿಂಗಳು ಮಾತ್ರ ಸಂಬಳ. ಬೇಸಿಗೆಯ ಮೂರು ತಿಂಗಳಿಗೆ ಬೇರೆ ಕೆಲಸ ಹಿಡಿಯಬೇಕಿತ್ತು. 1973ರ ಬೇಸಿಗೆಯಲ್ಲಿ ಗಂಡ ಹೆಂಡತಿ ಕೂತು ಮಾತಾಡಿ, ಹೇಗೋ ನಿಭಾಯಿಸೋಣ ಎಂದು ತೀರ್ಮಾನಿಸಿದರು. ಮೂರು ತಿಂಗಳು ಸಂಬಳ ಇಲ್ಲದೆ ಆ ಲೆಕ್ಕವನ್ನೇ ಹಿಡಿದು ಕೂತರು.

ಲೆಕ್ಕ ಫಲಿಸಿತು. ಅವರ ಶಿಷ್ಯ ಟಿ. ನಟರಾಜನ್, ಟೆಕ್ಸಾಸ್‌ನಲ್ಲಿದ್ದ ಕೆ.ಆರ್. ರಾವ್ ಜೊತೆ ಸೇರಿ ಬರೆದ ನಾಲ್ಕು ಪುಟದ ಲೇಖನ 1974ರ ಜನವರಿಯಲ್ಲಿ ಅಚ್ಚಾಯಿತು. ಆ ವಿಧಾನದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. 1992ರಲ್ಲಿ ಬಂದ ಜೆಪೆಗ್ ಫೋಟೊ ಮಾನದಂಡ ನಿಂತಿರುವುದು ಅದರ ಮೇಲೆ. ಡಿವಿಡಿ, ಯೂಟ್ಯೂಬ್ ವಿಡಿಯೊಗಳಲ್ಲೂ ಅದರ ವಂಶದ ಲೆಕ್ಕಗಳೇ.

ಅದು ಹೀಗೆ ನಡೆಯುತ್ತದೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಫೋಟೊ ಇದೆ ಎನ್ನಿ. ಅದನ್ನು ಉದ್ದ 8, ಅಗಲ 8 ಚುಕ್ಕೆಯ ಚೌಕಗಳಾಗಿ ಕತ್ತರಿಸುತ್ತಾರೆ. ಒಂದು ಚೌಕದಲ್ಲಿ 64 ಚುಕ್ಕೆ. ಆ 64 ನಂಬರುಗಳ ಬದಲು ಬೇರೆ 64 ನಂಬರು ಬರೆಯುತ್ತಾರೆ: ಮೊದಲನೆಯದು ಇಡೀ ಚೌಕದ ಸರಾಸರಿ ಬೆಳಕು, ಮುಂದಿನವು ಬೆಳಕು ಎಷ್ಟು ನಿಧಾನವಾಗಿ ಅಥವಾ ಎಷ್ಟು ಬೇಗ ಏರಿಳಿಯುತ್ತದೆ ಎಂಬುದು. ಇಷ್ಟರಿಂದಲೇ ಏನೂ ಉಳಿಯುವುದಿಲ್ಲ, 64ಕ್ಕೆ 64. ಆದರೆ ಆಕಾಶದ ಚೌಕದಲ್ಲಿ ಮೊದಲ ಒಂದೆರಡು ನಂಬರು ಮಾತ್ರ ದೊಡ್ಡವು, ಉಳಿದವು ಸೊನ್ನೆಗೆ ಹತ್ತಿರ. ತೀರಾ ಸಣ್ಣ ಏರಿಳಿತ ನಮ್ಮ ಕಣ್ಣಿಗೆ ಅಷ್ಟಾಗಿ ಕಾಣುವುದೂ ಇಲ್ಲ. ಅವನ್ನು ಸೊನ್ನೆ ಮಾಡಿ, ‘ಇಲ್ಲಿಂದ ಮುಂದೆ ಎಲ್ಲ ಸೊನ್ನೆ’ ಎಂದು ಬರೆದರೆ ಆಯಿತು. ಕಲ್ಲು, ಮೆಟ್ಟಿಲು, ಗಿಡ ಇರುವ ಚೌಕಕ್ಕೆ ಹೆಚ್ಚು ನಂಬರು ಬೇಕಾಗುತ್ತದೆ.

ಅಮೆರಿಕದ ‘ದಿಸ್ ಈಸ್ ಅಸ್’ ಎಂಬ ಟಿವಿ ಧಾರಾವಾಹಿ ನಾಸಿರ್ ಅಹ್ಮದ್ ಮತ್ತು ಅವರ ಹೆಂಡತಿಯ ಕಥೆಯನ್ನು ತನ್ನ 5ನೇ ಸೀಸನ್‌ನಲ್ಲಿ ತೋರಿಸಿತು. ನಮ್ಮ ಕಡೆ ವಿಶ್ವೇಶ್ವರಯ್ಯನವರನ್ನು ಕೇಳಿರದ ಮಗು ಇಲ್ಲ. ಅವರ ಕಾಲೇಜಿನಲ್ಲಿ ಓದಿದ ಈ ಮನುಷ್ಯನ ಹೆಸರು ಹೇಳಿದರೆ ‘ಯಾರು?’ ಅನ್ನುತ್ತಾರೆ. ದಿನಕ್ಕೆ ಹತ್ತು ಫೋಟೊ ಕಳಿಸುವವರೂ ಅಷ್ಟೇ.

ಈ ಲೆಕ್ಕಕ್ಕೆ ಒಂದು ದೌರ್ಬಲ್ಯ ಇದೆ, ಅದು ನಮಗೆ ಸಂಬಂಧಪಟ್ಟದ್ದು. ಬಿಟ್ಟ ನಂಬರು ಬಿಟ್ಟದ್ದೇ, ವಾಪಸ್ ಬರುವುದಿಲ್ಲ. ಎಲೆ, ಮುಖ, ಆಕಾಶಕ್ಕೆ ಅದರಿಂದ ತೊಂದರೆ ಇಲ್ಲ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರಕ್ಕೆ ತೊಂದರೆ. ಅಕ್ಷರದ ಅಂಚು ಅಂದರೆ ಒಮ್ಮೆಲೇ ಬೆಳಕಿನಿಂದ ಕತ್ತಲೆ. ಅದನ್ನು ಬರೆಯಲು ಆ ಸಣ್ಣ ಏರಿಳಿತಗಳೇ ಬೇಕು. ಅವು ಹೋದರೆ ಅಕ್ಷರದ ಸುತ್ತ ಮಂಕು ಕವಿಯುತ್ತದೆ, ಒತ್ತಕ್ಷರ ಕರಗುತ್ತದೆ, ಸರ್ವೆ ನಂಬರಿನ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಬಂದ ಫೋಟೊದ ಸ್ಕ್ರೀನ್‌ಶಾಟ್ ತೆಗೆದು ಮತ್ತೊಬ್ಬರಿಗೆ ಕಳಿಸಿದರೆ ಇನ್ನೊಂದು ಸುತ್ತು ಸವೆಯುತ್ತದೆ. ಪಹಣಿ, ಸಾಲದ ಕಾಗದ, ಆಸ್ಪತ್ರೆ ಚೀಟಿ ಕಳಿಸುವಾಗ ವಾಟ್ಸಾಪ್‌ನಲ್ಲಿ ಪಿನ್ ಗುರುತು ಒತ್ತಿ, ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಆರಿಸಿ. ಹಾಗೆ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇದ್ದರೆ ಸ್ವಲ್ಪ ಹೊತ್ತು ಕಾಯಬೇಕು ಅಷ್ಟೆ.