ಹಿಮದ ಹಾದಿಗೆ ಹುಟ್ಟಿದ ವ್ಯಾಗನ್‌ಗಳು

ಉದ್ದನೆಯ ಚಾವಣಿ, ಹಿಂಬದಿಯಲ್ಲಿ ಸಾಮಾನಿಗೆ ಧಾರಾಳ ಜಾಗ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. ಈ ಮೂರೂ ಕೂಡಿದ ಸ್ಟೇಷನ್ ವ್ಯಾಗನ್‌ಗೆ ಯುರೋಪಿನಲ್ಲಿ ಬೇಡಿಕೆ ಹುಟ್ಟಿದ್ದು ಆಲ್ಪ್ಸ್‌ನ ಏರುದಾರಿಗಳಲ್ಲಿ ಮತ್ತು ತಿಂಗಳುಗಟ್ಟಲೆ ಹಿಮ ಹೊದ್ದು ಮಲಗುವ ಉತ್ತರದ ದೇಶಗಳಲ್ಲಿ. ಕಲ್ಪನೆ ಮಾತ್ರ ಯುರೋಪಿನ ಸ್ವಂತದ್ದಲ್ಲ. ಜಪಾನಿನ ಸುಬಾರು 1972ರಲ್ಲೇ ತನ್ನ ಲಿಯೋನ್ ವ್ಯಾಗನ್ನಿನ ನಾಲ್ಕೂ ಚಕ್ರಗಳಿಗೆ ಬಲ ಹಾಯಿಸಿತ್ತು.

ಜರ್ಮನಿಯ ಕಥೆ ಒಂದು ಸೇನಾ ವಾಹನದಿಂದ ಶುರುವಾಗುತ್ತದೆ. 1970ರ ದಶಕದ ಕೊನೆಯಲ್ಲಿ ಫಿನ್ಲೆಂಡಿನ ಹಿಮದಲ್ಲಿ ಔಡಿ ಕಾರುಗಳ ಪರೀಕ್ಷೆ ನಡೆದಾಗ ಜೊತೆಗಿದ್ದ ಫೋಕ್ಸ್‌ವ್ಯಾಗನ್ ಇಲ್ಟಿಸ್ ಜೀಪು, ಅಷ್ಟೇನೂ ಶಕ್ತಿಯಿಲ್ಲದಿದ್ದರೂ, ಹೆಚ್ಚು ಬಲದ ಕಾರುಗಳನ್ನು ಹಿಂದೆ ಹಾಕಿತು. ಇದನ್ನು ಕಂಡ ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಅದೇ ಏರ್ಪಾಡನ್ನು ಕಾರಿಗೂ ತರಬೇಕೆಂದರು. 1980ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಔಡಿ ಕ್ವಾಟ್ರೋ ಹೊರಬಂತು. ಅದು ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಆದರೆ ಆ ದಶಕ ಮುಗಿಯುವ ಮೊದಲೇ ಅದರ ತಂತ್ರ ಕಂಪನಿಯ ಸಂಸಾರದ ವ್ಯಾಗನ್‌ಗಳಿಗೂ ಇಳಿದಿತ್ತು.

ಸ್ವೀಡನ್ನಿನ ವೋಲ್ವೋ ತಡವಾಗಿ ಬಂತು. ನಾಲ್ಕು ಚಕ್ರ ಚಾಲನೆಯ 850 ವ್ಯಾಗನ್ 1996ರದು. ಮರುವರ್ಷವೇ ನೆಲದಿಂದ ಇನ್ನಷ್ಟು ಎತ್ತರಿಸಿ, ಸುತ್ತ ಒರಟು ಪ್ಲಾಸ್ಟಿಕ್ ಕವಚ ತೊಡಿಸಿದ ವಿ70 ಎಕ್ಸ್‌ಸಿ ಬಂತು. ಔಡಿಯ ಉತ್ತರ 2000ರ ಆಲ್‌ರೋಡ್ ಕ್ವಾಟ್ರೋ. ಇದರಲ್ಲಿ ಉಕ್ಕಿನ ಸ್ಪ್ರಿಂಗ್‌ಗಳ ಬದಲು ರಬ್ಬರಿನ ಗಾಳಿಚೀಲಗಳಿದ್ದವು. ಚಾಲಕ ಗುಂಡಿ ಒತ್ತಿದರೆ ಕಾರಿನ ಹೊಟ್ಟೆ ನೆಲದಿಂದ 142 ಮಿಲಿಮೀಟರಿನಿಂದ 208ರವರೆಗೆ ನಾಲ್ಕು ಹಂತಗಳಲ್ಲಿ ಏರುತ್ತಿತ್ತು. ಕೈಗೇರಿನ ಕೆಲವು ಕಾರುಗಳಿಗೆ ಜೀಪಿನಲ್ಲಿರುವಂಥ ಲೋ ಗೇರ್ ಕೂಡ ಸಿಗುತ್ತಿತ್ತು. ವ್ಯಾಗನ್ ವೇಷದಲ್ಲಿ ಕಾಡುದಾರಿಗೆ ಇಳಿಯುವ ಧೈರ್ಯ ಇದಕ್ಕಿಂತ ಹೆಚ್ಚಾಗಿ ಅಂದಿನ ಯಾವ ಯುರೋಪಿನ ಕಾರಿಗೂ ಇರಲಿಲ್ಲ ಎನ್ನಬಹುದು.

ಹೊಸದಾಗಿದ್ದಾಗ ಮೆರೆಸಿದ ಭಾಗಗಳೇ ಹಳತಾದ ಮೇಲೆ ಮಾಲೀಕರ ಜೇಬು ಸುಟ್ಟವು. ಆಲ್‌ರೋಡ್‌ನ ರಬ್ಬರ್ ಚೀಲ ವಯಸ್ಸಾದಂತೆ ಬಿರಿಯುತ್ತದೆ. ಸೋರುವ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಚೀಲದ ಸೋರಿಕೆ ಸರಿಪಡಿಸದೆ ಕಂಪ್ರೆಸರ್ ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಬೇಸತ್ತು ಉಕ್ಕಿನ ಸ್ಪ್ರಿಂಗ್ ಹಾಕಿಸಿದವರೂ ಉಂಟು. ರಗಳೆ ತಪ್ಪಿತು, ಕಾರಿನ ಹೆಗ್ಗಳಿಕೆಯೂ ಹೋಯಿತು. 2.7 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಎರಡು ಟರ್ಬೋ. ಅವು ಕೆಟ್ಟರೆ ಸಾಮಾನ್ಯವಾಗಿ ಎಂಜಿನ್ನನ್ನೇ ಕೆಳಗಿಳಿಸಬೇಕು.

ವೋಲ್ವೋದ ಬೇನೆ ಬೇರೆ. ಅದರ ಮೊದಲ ಮಾದರಿಗಳಲ್ಲಿ ಹಿಂದಿನ ಚಕ್ರಗಳಿಗೆ ಬಲ ಸಾಗಿಸುತ್ತಿದ್ದುದು ಸಿಲಿಕೋನ್ ದ್ರವ ತುಂಬಿದ ಮುಚ್ಚಿದ ಡಬ್ಬಿ. ಮುಂದಿನ, ಹಿಂದಿನ ಚಕ್ರಗಳ ವೇಗದಲ್ಲಿ ವ್ಯತ್ಯಾಸವಾದಾಗ ದ್ರವ ಬಿಸಿಯಾಗಿ ಒಳಗಿನ ತಟ್ಟೆಗಳನ್ನು ಕಚ್ಚಿ ಹಿಡಿಯುತ್ತದೆ. ಎರಡು ಹೊಸ ಟೈರು, ಎರಡು ಸವೆದ ಟೈರು ಹಾಕಿದರೆ ಈ ವ್ಯತ್ಯಾಸ ಸದಾ ಇದ್ದೇ ಇರುತ್ತದೆ. ಡಬ್ಬಿ ಬೇಗ ಹಾಳಾಗುತ್ತದೆ. ಆದ್ದರಿಂದ ನಾಲ್ಕೂ ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕೆಂಬುದು ಈ ಕಾರುಗಳ ಮೊದಲ ನಿಯಮ. 2003ರ ಹೊತ್ತಿಗೆ ಬಂದ ಹಾಲ್ಡೆಕ್ಸ್ ಎಂಬ ಎಲೆಕ್ಟ್ರಾನಿಕ್ ಕ್ಲಚ್ ಚುರುಕಾಗಿತ್ತು. ಅದಕ್ಕೆ ಬೇಕಾದ್ದು ಕಾಲಕಾಲಕ್ಕೆ ಎಣ್ಣೆ ಮತ್ತು ಫಿಲ್ಟರ್ ಬದಲಾವಣೆ. ಮುಂಭಾಗದಲ್ಲಿ ಬಲವನ್ನು ಹಿಂದಕ್ಕೆ ತಿರುಗಿಸುವ ಗೇರಿನ ಹಲ್ಲುಳ್ಳ ಜೋಡಣೆ ಬಳೆ ಸವೆದರಂತೂ ಸದ್ದಿಲ್ಲದೆ ಕಾರು ಬರೀ ಮುಂದಿನ ಎರಡು ಚಕ್ರಗಳದ್ದಾಗುತ್ತದೆ. ಬೇಸಿಗೆಯಲ್ಲಿ ಮಾಲೀಕರಿಗೆ ಇದು ಗೊತ್ತಾಗುವುದೂ ಅಪರೂಪ. ಗೊತ್ತಾಗುವುದು ಮೊದಲ ಹಿಮದಲ್ಲಿ.

ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಇವೆಲ್ಲದರ ಹಳೆಯ ಶತ್ರು. ಅದು ತಳದ ಬ್ರೇಕ್ ಪೈಪು, ಬೋಲ್ಟುಗಳನ್ನು ತುಕ್ಕು ಹಿಡಿಸಿ ತಿನ್ನುತ್ತದೆ.

ಮೊದಲ ಆಲ್‌ರೋಡ್ 2005ರಲ್ಲಿ ನಿಂತಿತು. ಮರುವರ್ಷ ಬಂದ ಎರಡನೆಯದರಲ್ಲಿ ಗಾಳಿಚೀಲ ಉಳಿಯಿತು, ಲೋ ಗೇರ್ ಇರಲಿಲ್ಲ. ವೋಲ್ವೋದ ವ್ಯಾಗನ್ ಎಕ್ಸ್‌ಸಿ70 ಎಂಬ ಹೆಸರಿನಲ್ಲಿ 2016ರವರೆಗೆ ತಯಾರಾಯಿತು. ಅದರ ಉತ್ತರಾಧಿಕಾರಿ ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಭಾರತದ ಮಾರುಕಟ್ಟೆಗೂ ಬಂತು.