ಮಿಸಿಸಿಪ್ಪಿಯ ವಿಹಾರನೌಕೆಗಳು ಮತ್ತು ಜಾಜ್ ಸಂಗೀತ

1812ರ ಜನವರಿಯಲ್ಲಿ ‘ನ್ಯೂ ಆರ್ಲಿಯನ್ಸ್’ ಎಂಬ ಉಗಿಹಡಗು ಅದೇ ಹೆಸರಿನ ಪಟ್ಟಣವನ್ನು ತಲುಪಿದ ಮೇಲೆ ಮಿಸಿಸಿಪ್ಪಿ ನದಿಯ ಹತ್ತಿ, ಸಕ್ಕರೆ ಹಾಗೂ ಪ್ರಯಾಣಿಕರ ಸಾಗಣೆ ದಶಕಗಳ ಕಾಲ ಉಗಿಹಡಗುಗಳನ್ನೇ ನೆಚ್ಚಿಕೊಂಡಿತ್ತು. ಶತಮಾನದ ಉತ್ತರಾರ್ಧದಲ್ಲಿ ರೈಲು ಈ ವ್ಯಾಪಾರವನ್ನು ಕಸಿದುಕೊಂಡಾಗ ಕೆಲವು ಮಾಲೀಕರು ಸರಕನ್ನು ಬಿಟ್ಟು ಮನರಂಜನೆಯತ್ತ ಹೊರಳಿದರು. ಅವರಲ್ಲಿ ಪ್ರಮುಖವಾದ ಸ್ಟ್ರೆಕ್‌ಫಸ್ ಕುಟುಂಬದ ಕಂಪನಿ ವಿಶಾಲವಾದ ನರ್ತನಾಂಗಣಗಳಿದ್ದ ನೌಕೆಗಳನ್ನು ಊರಿಂದೂರಿಗೆ ನಡೆಸುತ್ತಿತ್ತು.

ನೌಕೆ ಬಂದ ಸುದ್ದಿಯನ್ನು ದಡಕ್ಕೆ ಸಾರುತ್ತಿದ್ದುದು ಕ್ಯಾಲಿಯೋಪ್, ಅಂದರೆ ಬಾಯ್ಲರಿನ ಉಗಿಯನ್ನು ಸಾಲು ಸಿಳ್ಳೆಗಳ ಮೂಲಕ ಹಾಯಿಸಿ ನುಡಿಸುವ, ಮೈಲಿಗಟ್ಟಲೆ ದೂರ ಕೇಳಿಸುವ ಕೀಲಿಮಣೆಯ ವಾದ್ಯ. ಅದರ ಕೀಲಿಗಳು ಕಾದು ಸುಡುತ್ತಿದ್ದುದರಿಂದ ವಾದಕರು ಕೈಗವಸು ತೊಟ್ಟೇ ನುಡಿಸಬೇಕಾಗುತ್ತಿತ್ತು. ಹಾಗೆ ನುಡಿಸುತ್ತಿದ್ದ ಪಡೂಕಾ ಊರಿನ ಫೇಟ್ ಮ್ಯಾರಬಲ್ ಕಟ್ಟಿದ ಕಪ್ಪು ಕಲಾವಿದರ ವಾದ್ಯವೃಂದದಲ್ಲಿ 1919ರ ಹೊತ್ತಿಗೆ ಮುಂದೆ ಜಾಜ್ ದಿಗ್ಗಜರಾದ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದರು. ಕಿವಿಯಿಂದಲೇ ಕಲಿತು ನುಡಿಸುತ್ತಿದ್ದ ಅವರಿಗೆ ಸ್ವರಲಿಪಿಯನ್ನು ಓದುವ ಶಿಸ್ತು ಬಂದದ್ದು ಬಹುಮಟ್ಟಿಗೆ ಈ ನೌಕೆಗಳಲ್ಲಿ. ಜಾಜ್ ಚರಿತ್ರೆಯಲ್ಲಿ ಇವುಗಳ ನಿಜವಾದ ಮಹತ್ವ ಇರುವುದು ಇಂಥ ತರಬೇತಿಯಲ್ಲಿಯೇ ಹೊರತು, ಜಾಜ್ ನ್ಯೂ ಆರ್ಲಿಯನ್ಸ್‌ನಿಂದ ಹಡಗೇರಿ ಉತ್ತರಕ್ಕೆ ಹೋಯಿತೆಂಬ ರಮ್ಯ ಕಥೆಯಲ್ಲಲ್ಲ (ಆರ್ಮ್‌ಸ್ಟ್ರಾಂಗ್ 1922ರಲ್ಲಿ ಷಿಕಾಗೊಗೆ ಹೋದದ್ದು ರೈಲಿನಲ್ಲಿ). ವಾದಕರು ಕಪ್ಪು ಜನರಾಗಿದ್ದರೂ ಕುಣಿಯುವವರು ಸಾಮಾನ್ಯವಾಗಿ ಬಿಳಿಯರೇ ಆಗಿದ್ದರು. ಸೇಂಟ್ ಲೂಯಿಸ್‌ನಲ್ಲಿ ಕಪ್ಪು ಪ್ರಯಾಣಿಕರಿಗೆ ಸೋಮವಾರದ ರಾತ್ರಿಯನ್ನು ಪ್ರತ್ಯೇಕವಾಗಿ ಮೀಸಲಿಡಲಾಗಿತ್ತು.

ಇಂಥ ವಿಹಾರನೌಕೆಗಳ ಪರಂಪರೆಯನ್ನು ಮುಂದುವರಿಸುತ್ತ, 1975ರಲ್ಲಿ ನೀರಿಗಿಳಿದ ‘ನ್ಯಾಚೆಜ್’ ಎಂಬ ಉಗಿನೌಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಜಾಜ್ ಸಂಗೀತದೊಡನೆ ಕ್ರಿಯೋಲ್ ಊಟವನ್ನೂ, ಅಂದರೆ ಫ್ರೆಂಚ್, ಸ್ಪ್ಯಾನಿಷ್ ಮತ್ತು ಆಫ್ರಿಕನ್ ಅಡುಗೆಗಳು ಬೆರೆತ ಲೂಸಿಯಾನದ ಊಟವನ್ನೂ, ಪ್ರವಾಸಿಗರಿಗೆ ಬಡಿಸುತ್ತ ಬಂದಿದೆ.